ಊರಿಗೆ ಹೋದಾಗ ನೋಡಿದರಾಯ್ತು!

ಕಳೆದ ತಿಂಗಳು ಡೊಂಬಿವಲಿಯಲ್ಲಿ ಪರಿಚಯದವರೊಬ್ಬರ ವೈಕುಂಠ ಸಮಾರಾಧನೆಗೆ ಹೋಗಿದ್ದೆ. ಊಟ ಮುಗಿದು ಎಲ್ಲರೂ ಕುರ್ಚಿಗಳಲ್ಲಿ ಕೂತು ಅಡಿಕೆ ಅಗಿಯುತ್ತಿದ್ದಾಗ ಅವರ ಮನೆಯವರು ಒಳಗಿನಿಂದ ಹಳೆಯ ಸೀರೆ ಅಂಗಡಿಯ ಚೀಲವೊಂದನ್ನು ತಂದು ನನ್ನ ಮುಂದೆ ಇಟ್ಟರು. "ನೀವು ಬ್ಯಾಂಕಿನವರಲ್ವಾ, ಇದರಲ್ಲಿ ಏನೇನಿದೆ ಸ್ವಲ್ಪ ನೋಡಿ ಹೇಳಿ. ಅವರು ನನಗೆ ಏನೂ ಹೇಳಿರಲಿಲ್ಲ" ಅಂದರು.

ನೋಡಿದೆ. ನಾಲ್ಕು ಪಾಸ್‌ಬುಕ್ಕು. ಅದರಲ್ಲಿ ಒಂದು ಊರಿನ ಶಾಖೆಯದು, ಕೊನೆಯ ಎಂಟ್ರಿ ಆಗಿ ಹನ್ನೊಂದು ವರ್ಷ ಕಳೆದಿದೆ. ಅವಧಿ ಮುಗಿದ ಎರಡು ಎಫ್‌ಡಿ ರಸೀದಿ. ಕಾಗದದ ರೂಪದಲ್ಲೇ ಉಳಿದ ಒಂದಿಷ್ಟು ಶೇರು. ಒಂದು ಎಲ್‌ಐಸಿ ಪಾಲಿಸಿ. ಇವೆಲ್ಲದರ ಕೆಳಗೆ, ಮಡಿಕೆಯೂ ಬೀಳದ ಮೂರು ನಾಮಿನೇಷನ್ ಫಾರಂ! ಮೂರರಲ್ಲೂ ಹೆಸರು, ವಿಳಾಸ, ಖಾತೆ ನಂಬರು ಎಲ್ಲ ದುಂಡಗಿನ ಅಕ್ಷರದಲ್ಲಿ ತುಂಬಿದ್ದಾರೆ. ನಾಮಿನಿಯ ಹೆಸರು ಬರೆಯುವ ಜಾಗ ಮಾತ್ರ ಖಾಲಿ. ಸಹಿಯೂ ಇಲ್ಲ.

ಈ ಮನುಷ್ಯ ಎಂಥವರು ಗೊತ್ತೇ? ಮೂವತ್ತು ವರ್ಷ ಒಂದೇ ಲೋಕಲ್ ಹಿಡಿದು ಆಫೀಸಿಗೆ ಹೋದವರು. ಒಂದು ದಿನ ತಪ್ಪಿಸಿದವರಲ್ಲ. ಹೌಸಿಂಗ್ ಸೊಸೈಟಿಗೆ ಒಂಬತ್ತು ವರ್ಷ ಸೆಕ್ರೆಟರಿಯಾಗಿ ಲೆಕ್ಕ ನೋಡಿಕೊಂಡವರು. ಇನ್ನೊಬ್ಬರ ಲೈಟ್ ಬಿಲ್ ಕಟ್ಟಲು ಎರಡು ದಿನ ಉಳಿದಿದೆ ಅಂತ ಬಾಗಿಲು ಬಡಿದು ಹೇಳಿ ಬರುತ್ತಿದ್ದವರು.

ಪಕ್ಕದಲ್ಲಿ ಕೂತಿದ್ದ ಒಬ್ಬರು ನಿಟ್ಟುಸಿರು ಬಿಟ್ಟು "ಪಾಪ, ಅವರಿಗೆ ಟೈಮೇ ಸಿಗಲಿಲ್ಲ" ಅಂದರು. ಇನ್ನೊಬ್ಬರು "ನಾವೆಲ್ಲ ಅಷ್ಟೇ ಬಿಡಿ, ಸೋಮಾರಿಗಳು" ಅಂತ ನಕ್ಕರು. ಸಂದರ್ಭ ಸರಿಯಲ್ಲ ಅಂತ ಸುಮ್ಮನಿದ್ದೆ. ಆದರೆ ಮನೆಗೆ ಬಂದ ಮೇಲೂ ಆ ಎರಡು ಮಾತು ತಲೆಯಿಂದ ಹೋಗಲಿಲ್ಲ. ಎರಡೂ ಶುದ್ಧ ಸುಳ್ಳು. ಅವತ್ತು ಹೇಳದ್ದನ್ನು ಇಲ್ಲಿ ಹೇಳುತ್ತೇನೆ. ಯಾರಿಗಾದರೂ ಸಿಟ್ಟು ಬಂದರೆ ಬರಲಿ.

ಟೈಮ್ ಸಿಗಲಿಲ್ಲ ಅನ್ನುವುದು ಸುಳ್ಳು. ಆ ಫಾರಂನ ಖಾಲಿ ಜಾಗ ತುಂಬಲು ಮೂರು ನಿಮಿಷ ಸಾಕು. ಸೋಮಾರಿತನ ಅನ್ನುವುದಂತೂ ಇನ್ನೂ ದೊಡ್ಡ ಸುಳ್ಳು. ಸೋಮಾರಿ ಆಗಿದ್ದರೆ ಅರ್ಧ ಫಾರಂ ಕೂಡ ತುಂಬುತ್ತಿರಲಿಲ್ಲ. ಅವರು ಕೂತಿದ್ದಾರೆ, ಪೆನ್ನು ಹಿಡಿದಿದ್ದಾರೆ, "ಠೇವಣಿದಾರನ ಮರಣಾನಂತರ" ಅನ್ನುವ ಸಾಲಿನ ಹತ್ತಿರ ಬಂದಿದ್ದಾರೆ, ಎದ್ದು ಹೋಗಿದ್ದಾರೆ. ಒಂದಲ್ಲ, ಮೂರು ಸಲ.

ಇದಕ್ಕೆ ನಮ್ಮಲ್ಲಿ ಸರಿಯಾದ ಹೆಸರು ಹೆದರಿಕೆ. ನಮ್ಮ ವಯಸ್ಸಿನವರು ಆ ಹೆಸರು ಹೇಳಲು ನಾಚುತ್ತೇವೆ, ಅದಕ್ಕೇ "ಬಿಜಿ", "ಸೋಮಾರಿ" ಅಂತೆಲ್ಲ ಬೇರೆ ಹೆಸರು ಇಡುತ್ತೇವೆ. ಸೋಮಾರಿ ಅಂದರೆ ಜನ ನಗುತ್ತಾರೆ, ಕ್ಷಮಿಸುತ್ತಾರೆ. ಐವತ್ತೇಳು ವರ್ಷದ ಗಂಡಸು ಒಂದು ಕಾಗದಕ್ಕೆ ಹೆದರಿದ ಅಂದರೆ ಮರ್ಯಾದೆ ಉಳಿಯುತ್ತದೆಯೇ?

ಇದು ನಾನು ಕಂಡುಹಿಡಿದ ಸಂಗತಿಯೇನಲ್ಲ. ಕೆನಡಾದಲ್ಲಿದ್ದ ಇಬ್ಬರು ಮನಶ್ಶಾಸ್ತ್ರಜ್ಞರು, ಫ್ಯೂಷಾ ಸಿರ್ವಾ ಮತ್ತು ಟಿಮೊಥಿ ಪಿಚಿಲ್, 2013ರಲ್ಲಿ ಇದೇ ಮಾತನ್ನು ಶಾಸ್ತ್ರದ ಭಾಷೆಯಲ್ಲಿ ಬರೆದಿದ್ದಾರೆ. ಕೆಲಸ ಮುಂದೂಡುವುದು ವೇಳೆ ಹೊಂದಿಸಿಕೊಳ್ಳಲಾಗದ ತೊಂದರೆ ಅಲ್ಲ, ಆ ಕ್ಷಣದ ಕಿರಿಕಿರಿಯಿಂದ ತಪ್ಪಿಸಿಕೊಂಡು ಮನಸ್ಸನ್ನು ಹಗುರ ಮಾಡಿಕೊಳ್ಳುವ ಉಪಾಯ ಅನ್ನುವುದು ಅವರ ವಾದ. ಅಂದಮೇಲೆ ದಿನಾ ವಾಟ್ಸಾಪಿನಲ್ಲಿ ಬರುವ "ಬೆಳಿಗ್ಗೆ ಐದಕ್ಕೆ ಏಳಿ, ಗೆಲ್ಲಿ" ಎಂಬ ವಿಡಿಯೋಗಳಿಂದ ಏನು ಉಪಯೋಗ, ನೀವೇ ಹೇಳಿ. ನಮ್ಮ ಪೀಳಿಗೆ ಐದಕ್ಕೆ ಎದ್ದೇ ಏಳುತ್ತದೆ! ನೀರು ತುಂಬಿಸಿ, ವಾಕಿಂಗ್ ಮುಗಿಸಿ, ಪೇಪರು ಓದಿ, ಫ್ಯಾನಿನ ರೆಕ್ಕೆ ಕೂಡ ಒರೆಸುತ್ತದೆ. ಆ ಒಂದು ಫಾರಂ ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತದೆ.

ಒಂದು ಪುರಾವೆ ಕೊಡುತ್ತೇನೆ. ಪ್ರತಿ ನವೆಂಬರಿನಲ್ಲಿ ನಮ್ಮ ಶಾಖೆಗೆ ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡಲು ಬರುತ್ತಾರೆ. ಮೊಣಕಾಲು ನೋವಿದ್ದವರು, ಕಣ್ಣು ಕಾಣದವರು, ಮೊಮ್ಮಗಳ ಕೈ ಹಿಡಿದು ಬರುವವರು. 2014ರಿಂದ ಬೆರಳೊತ್ತಿ ಡಿಜಿಟಲ್ ಆಗಿ ಕೊಡುವ ವ್ಯವಸ್ಥೆ ಬಂದಿದ್ದರೂ ಮೊದಲ ವಾರದಲ್ಲೇ ಸಾಲು ನಿಲ್ಲುತ್ತದೆ. "ಈ ವಯಸ್ಸಲ್ಲಿ ಆಗಲ್ಲ ಸಾರ್" ಅನ್ನುವವರು ಒಬ್ಬರೂ ಇಲ್ಲ. ಯಾಕೆ? ಕೊಡದಿದ್ದರೆ ಪಿಂಚಣಿ ನಿಲ್ಲುತ್ತದೆ, ತಾರೀಖು ಸರಕಾರದ್ದು. ಅದೇ ಸಾಲಿನಲ್ಲಿ ನಿಂತವರನ್ನು "ನಾಮಿನೇಷನ್ ಆಗಿದೆಯೇ? ಉಯಿಲು ಬರೆದಿದ್ದೀರಾ?" ಅಂತ ಕೇಳಿ ನೋಡಿ. "ಮಾಡಬೇಕು ಮಾಡಬೇಕು" ಅಂತ ಮುಖ ಆ ಕಡೆ ತಿರುಗಿಸುತ್ತಾರೆ.

ಅಂದರೆ ವಯಸ್ಸಾದ ಮೇಲೆ ನಮ್ಮ ಕೈ ನಿಧಾನವಾಯಿತು ಅನ್ನುವುದು ನೆಪ. ಯಾರೋ ತಾರೀಖು ಕೊಟ್ಟ ಕೆಲಸ ಆಗುತ್ತದೆ, ಯಾರೂ ತಾರೀಖು ಕೊಡದ ಕೆಲಸ ಸಾಯುತ್ತದೆ. ಐವತ್ತು ದಾಟಿದ ಮೇಲೆ ನಿಜವಾಗಿ ಮುಖ್ಯವಾದ ಕೆಲಸಗಳಿಗೆ ಯಾರೂ ತಾರೀಖು ಕೊಡುವುದಿಲ್ಲ. ಉಯಿಲಿಗೆ ಕೊನೆಯ ದಿನಾಂಕ ಇಲ್ಲ (ಇದೆ, ಆದರೆ ಯಾರಿಗೂ ಮೊದಲೇ ತಿಳಿಸುವುದಿಲ್ಲ). ಸಕ್ಕರೆ ಪರೀಕ್ಷೆಗೆ ಇಲ್ಲ. ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಫೋನ್ ಮಾಡಲು ಇಲ್ಲ.

ಇನ್ನು ನಮ್ಮಂಥ ಊರು ಬಿಟ್ಟವರ ವಿಷಯಕ್ಕೆ ಬರುತ್ತೇನೆ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ಎಲ್ಲೇ ಇರಿ, ನಮ್ಮ ಹತ್ತಿರ ಊರಲ್ಲೇ ಉಳಿದವರಿಗೆ ಇಲ್ಲದ ಒಂದು ಬ್ರಹ್ಮಾಸ್ತ್ರ ಇದೆ. "ಊರಿಗೆ ಹೋದಾಗ ನೋಡಿದರಾಯ್ತು!" ಊರಿಗೆ ಹೋದ ಮೇಲೆ ಇದೇ ಅಸ್ತ್ರದ ಇನ್ನೊಂದು ತುದಿ ಹಿಡಿಯುತ್ತೇವೆ. "ಕಾಗದ ಎಲ್ಲ ಮುಂಬೈಯಲ್ಲಿವೆ, ಹೋದ ಮೇಲೆ ಕಳಿಸ್ತೀನಿ." ಹೀಗೆ ಎರಡು ಊರಿನ ನಡುವೆ ಇಪ್ಪತ್ತು ವರ್ಷ ಆರಾಮಾಗಿ ಕಳೆಯಬಹುದು. ನಾನು ಹದಿನಾಲ್ಕು ವರ್ಷ ಕಳೆದಿದ್ದೇನೆ. ಬೇರೆಯವರನ್ನು ಬೈಯುವ ಮುಂಚೆ ನನ್ನ ಲೆಕ್ಕ ಒಪ್ಪಿಸುತ್ತೇನೆ.

ಮಲಪ್ರಭೆಯ ದಂಡೆಯಲ್ಲಿ ನಮ್ಮದು ಆರು ಎಕರೆ ಹೊಲ. ನಾನು ಹಿರಿಯವ, ಆಮೇಲೆ ತಂಗಿ, ಕೊನೆಯವ ತಮ್ಮ. ಹೊಲ ನೋಡಿಕೊಂಡು ಊರಲ್ಲಿರುವವನು ತಮ್ಮ. ಅಪ್ಪ ತೀರಿಕೊಂಡದ್ದು 2008ರಲ್ಲಿ, ಮುಂಬೈಯಲ್ಲಿ, ನನ್ನ ಮನೆಯಲ್ಲಿ ಚಿಕಿತ್ಸೆಗೆ ಅಂತ ಬಂದಿದ್ದಾಗ. ಹಾಗಾಗಿ ಮರಣ ಪ್ರಮಾಣಪತ್ರ ಸಿಕ್ಕಿದ್ದು ನನ್ನ ಕೈಗೆ. ಪಹಣಿಯಲ್ಲಿ ಅಪ್ಪನ ಹೆಸರು ತೆಗೆದು ನಮ್ಮ ಹೆಸರು ಬರಬೇಕಾದರೆ, ಅಂದರೆ ಪೌತಿ ಖಾತೆ ಆಗಬೇಕಾದರೆ, ಆ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ವಾರಸುದಾರರೆಲ್ಲರ ಕಾಗದ ಬೇಕು. ಕೊರಿಯರಿಗೆ ಐವತ್ತು ರೂಪಾಯಿ ಖರ್ಚಾಗುತ್ತಿತ್ತು. ಅದು ನನ್ನ ಬೀರುವಿನಲ್ಲೇ ಉಳಿಯಿತು.

ತಮ್ಮ ಕೇಳಲಿಲ್ಲ ಅಂತಲ್ಲ. 2012ರ ನಾಗರಪಂಚಮಿಗೆ ಹೋದಾಗ ಕೇಳಿದ್ದ. "ಅಣ್ಣಾ, ಹೆಂಗೂ ನೀ ಇಲ್ಲೇ ಅದಿ, ನಾಡಕಚೇರಿಗೆ ಹೋಗಿ ವಾರಸಾ ಅರ್ಜಿ ಕೊಟ್ಟು ಬಂದ್ಬಿಡೂಣು."

ನಾನಂದೆ, "ಈಗ ಬ್ಯಾಡೋ, ನಾಳೆ ರಾತ್ರಿ ಬಸ್ ಐತಿ. ದೀಪಾವಳಿಗೆ ಬಂದಾಗ ನೋಡೂಣು."

ದೀಪಾವಳಿ ಬಂತು. ಆ ವರ್ಷದ್ದು ಬಂತು, ಮರುವರ್ಷದ್ದು ಬಂತು. ಆಮೇಲೆ ಅವನು ಕೇಳುವುದನ್ನೇ ಬಿಟ್ಟ. ಕೇಳದೇ ಇದ್ದಾಗ ನನಗೆ ಎಷ್ಟು ಹಾಯೆನಿಸಿತು ಅನ್ನುವುದನ್ನು ನೆನೆದರೆ ಇವತ್ತು ನಾಚಿಕೆಯಾಗುತ್ತದೆ.

ನನಗೆ ನಾಡಕಚೇರಿಯ ಹೆದರಿಕೆಯೇ? ದಿನಾ ಕೋಟಿಗಟ್ಟಲೆ ಸಾಲದ ಕಾಗದ ನೋಡುವವನಿಗೆ ಒಂದು ಅರ್ಜಿಯ ಹೆದರಿಕೆ ಯಾಕೆ? ನನಗೆ ಹೆದರಿಕೆ ಇದ್ದದ್ದು ಆ ಅರ್ಜಿಯ ಹಿಂದೆ ಬರುವ ಮಾತಿನದು. ಖಾತೆಯ ಮಾತು ಎತ್ತಿದರೆ ಪಾಲಿನ ಮಾತು ಬರುತ್ತದೆ. ಪಾಲು ಅಂದರೆ ತಂಗಿ. 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು. ಕರ್ನಾಟಕದಲ್ಲಿ 1994ರಲ್ಲೇ ಅಂಥ ತಿದ್ದುಪಡಿ ಆಗಿತ್ತು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ವಂಶವೃಕ್ಷದಲ್ಲಿ ಅವಳ ಹೆಸರು ಬರುತ್ತದೆ, ಅವಳನ್ನು ಕೇಳಬೇಕಾಗುತ್ತದೆ. ಅವಳು "ಬೇಡ" ಅಂದರೆ ನನ್ನ ಮನಸ್ಸಿಗೆ ಚುಚ್ಚುತ್ತದೆ, "ಬೇಕು" ಅಂದರೆ ತಮ್ಮನಿಗೆ ಚುಚ್ಚುತ್ತದೆ. ನಡುವೆ ಹಿರಿಯ ಅನಿಸಿಕೊಂಡ ನಾನು ಒಂದು ಮಾತು ಹೇಳಬೇಕಾಗುತ್ತದೆ. ಅದನ್ನು ಹೇಳಲಾರದೆ ಹದಿನಾಲ್ಕು ವರ್ಷ "ಬಿಜಿ" ಆಗಿದ್ದೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿತು. ಆ ವರ್ಷ ಬೆಳಗಾವಿ, ಬಾಗಲಕೋಟೆ, ಗದಗ ಕಡೆ ಏನಾಯಿತು ಅಂತ ನೀವೆಲ್ಲ ಟೀವಿಯಲ್ಲಿ ನೋಡಿದ್ದೀರಿ. "ಅಣ್ಣಾ, ಹೊಲದಾಗ ಆಳುದ್ದ ನೀರು ನಿಂತೈತಿ" ಅಂತ ತಮ್ಮ ಫೋನ್ ಮಾಡಿದ. ಗೋವಿನಜೋಳ, ಉಳ್ಳಾಗಡ್ಡಿ ಎಲ್ಲ ಹೋಯಿತು. ನಾನು "ಪರಿಹಾರ ಬರ್ತದ, ಕಾಳಜಿ ಮಾಡಬ್ಯಾಡ" ಅಂದೆ. ಯಾರಿಗೆ ಬರುತ್ತದೆ? ಪಹಣಿಯಲ್ಲಿ ಹೆಸರಿದ್ದವರಿಗೆ. ಪಹಣಿಯಲ್ಲಿದ್ದದ್ದು ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಅಪ್ಪ! ಪರಿಹಾರ ಬರಲಿಲ್ಲ. ಮತ್ತೆ ಬಿತ್ತಲು ತಮ್ಮ ಖಾಸಗಿಯವರ ಹತ್ತಿರ 60,000 ರೂಪಾಯಿ ತಂದ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಇದೂ ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ, ತಂಗಿಯಿಂದ. "ಅವ ನಿನಗ ಹೇಳಬ್ಯಾಡ ಅಂದಾನ" ಅಂತ ಹೇಳಿಯೇ ಹೇಳಿದಳು.

ಬ್ಯಾಂಕಿನವನಲ್ಲವೇ, ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. 60,000ಕ್ಕೆ ತಿಂಗಳಿಗೆ 1,800. ಎರಡು ವರ್ಷಕ್ಕೆ 43,200 ಬರೀ ಬಡ್ಡಿ. ಅದೇ ಹೊತ್ತಿಗೆ ಕರ್ನಾಟಕದ ಸಹಕಾರಿ ಸಂಘಗಳಲ್ಲಿ 3 ಲಕ್ಷದವರೆಗಿನ ಬೆಳೆಸಾಲಕ್ಕೆ, ವೇಳೆಗೆ ಸರಿಯಾಗಿ ಕಟ್ಟಿದರೆ, ಬಡ್ಡಿಯೇ ಇರಲಿಲ್ಲ. ತಮ್ಮನಿಗೆ ಅದು ಸಿಗಲಿಲ್ಲ, ಹೆಸರಿನಲ್ಲಿ ಜಮೀನಿಲ್ಲ. 2019ರ ಫೆಬ್ರವರಿಯಲ್ಲಿ ಪಿಎಂ-ಕಿಸಾನ್ ಶುರುವಾಯಿತು, ವರ್ಷಕ್ಕೆ 6,000. ಅದೂ ಇಲ್ಲ, ಮೂರು ವರ್ಷಕ್ಕೆ 18,000. ಎರಡೂ ಕೂಡಿಸಿದರೆ 61,200. ನೆರೆ ಪರಿಹಾರ ಇದರಲ್ಲಿ ಸೇರಿಲ್ಲ. ನಾನು ಮುಂಬೈಯಲ್ಲಿ ಫ್ಯಾನಿನ ಕೆಳಗೆ ಕೂತು "ನೋಡೂಣು" ಅಂದದ್ದಕ್ಕೆ ತಮ್ಮ ಕಟ್ಟಿದ ದಂಡ ಇದು. ನನ್ನ ಜೇಬಿನಿಂದ ಒಂದು ಪೈಸೆ ಹೋಗಿಲ್ಲ.

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಾಲೇಜಿನಲ್ಲಿ ಓದುವುದನ್ನು ಮುಂದೂಡಿದರೆ ನಾವೇ ಫೇಲಾಗುತ್ತಿದ್ದೆವು. ಐವತ್ತರ ಮೇಲೆ ಮುಂದೂಡಿದ್ದಕ್ಕೆ ಬೇರೆಯವರು ಫೇಲಾಗುತ್ತಾರೆ. ಡೊಂಬಿವಲಿಯ ಆ ಚೀಲದ ಕೆಲಸ ಈಗ ಯಾರ ಪಾಲಿಗೆ ಬಂತು? ಹೆಂಡತಿಯ ಪಾಲಿಗೆ. ಅವರು ಈಗ ಶಾಖೆಯಿಂದ ಶಾಖೆಗೆ ಅಲೆಯಬೇಕು. "ನನ್ನ ಕೆಲಸ, ನನ್ನಿಷ್ಟ" ಅನ್ನುವ ಹಕ್ಕು ನಮಗಿಲ್ಲ.

ಇದು ಅವರೊಬ್ಬರ ಕತೆಯಲ್ಲ. ಹತ್ತು ವರ್ಷ ಯಾರೂ ಮುಟ್ಟದ, ಯಾರೂ ಕೇಳದ ಠೇವಣಿಗಳನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸಬೇಕು. 2014ರಲ್ಲಿ ಆದ ವ್ಯವಸ್ಥೆ ಇದು. ಮಾರ್ಚ್ 2024ರ ಕೊನೆಗೆ ಆ ನಿಧಿಯಲ್ಲಿದ್ದದ್ದು 78,213 ಕೋಟಿ ರೂಪಾಯಿ! ಇದೆಲ್ಲ ಬಡವರು ಮರೆತ ಹಣ, ಓದು ಬಾರದವರ ಹಣ ಅಂದುಕೊಳ್ಳಬೇಡಿ. ಇದರಲ್ಲಿ ನಮ್ಮಂಥ ಲೆಕ್ಕ ಬಲ್ಲವರ ಹಣವೂ ಇದೆ. ಹಣ ಮುಳುಗುವುದಿಲ್ಲ ಅನ್ನುವುದೊಂದು ಸಮಾಧಾನ. ಯಾವಾಗ ಬೇಕಾದರೂ ಬ್ಯಾಂಕಿಗೆ ಹೋಗಿ ಕೇಳಬಹುದು. ಯಾವ ಬ್ಯಾಂಕಿನಲ್ಲಿದೆ ಅಂತ ಹುಡುಕಲು 2023ರ ಆಗಸ್ಟಿನಿಂದ ರಿಸರ್ವ್ ಬ್ಯಾಂಕಿನದೇ "ಉದ್ಗಮ್" ತಾಣ ಇದೆ. ಆದರೆ ಆಸ್ಪತ್ರೆಯ ಬಿಲ್ ಕಟ್ಟಬೇಕಾದ ದಿನ ಹೆಂಡತಿಯ ಕೈಗೆ ಆ ಹಣ ಸಿಗುವುದಿಲ್ಲ, ಗೊತ್ತಿರಲಿ.

ಇಷ್ಟೆಲ್ಲ ಮಾತಾಡುವ ನನ್ನ ಸ್ವಂತ ಉಳಿತಾಯ ಖಾತೆಯ ನಾಮಿನಿ ಯಾರಿದ್ದರು ಗೊತ್ತೇ? ನನ್ನ ಅವ್ವ. ಮದುವೆಗೂ ಮುಂಚೆ ಬರೆದದ್ದು. ಅವ್ವ ತೀರಿಕೊಂಡದ್ದು 2011ರಲ್ಲಿ. ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ "ನಾಮಿನೇಷನ್ ಮಾಡಿಸಿ" ಅಂತ ಉಪದೇಶ ಮಾಡುತ್ತಾ 2021ರವರೆಗೂ ಹಾಗೇ ಬಿಟ್ಟಿದ್ದೆ. ಬದಲಿಸಬೇಕಾದರೆ ಅವ್ವನ ಹೆಸರು ಹೊಡೆದು ಹಾಕಬೇಕಿತ್ತು. ಅಷ್ಟೇ ಕಾರಣ.

ಈಗ ನೀವು ಕೊಡುವ ಸಮಾಧಾನಗಳಿಗೆ ಬರೋಣ. ಮೂವತ್ತೈದು ವರ್ಷದಿಂದ ಕೌಂಟರಿನ ಆಚೆಯಿಂದ ಕೇಳುತ್ತಾ ಬಂದಿದ್ದೇನೆ, ಬಾಯಿಪಾಠವಾಗಿವೆ.

"ಉಯಿಲಿನ ಮಾತು ಅಪಶಕುನ." ಹಾಗಾದರೆ ಎಲ್‌ಐಸಿ ಪಾಲಿಸಿ ಯಾಕೆ ಮಾಡಿಸಿದಿರಿ ಸ್ವಾಮಿ? ಅದೇನು ಮದುವೆಯ ಮಮತೆಯ ಕರೆಯೋಲೆಯೇ? ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆ ಸಾಕು, ನಿಮ್ಮ ಸಹಿ ಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಮಾಡಿಸಿದರೆ ಒಳ್ಳೆಯದು, ಕಡ್ಡಾಯವಲ್ಲ. ಮನಸ್ಸು ಬದಲಾದರೆ ಬೇರೆ ಬರೆಯಬಹುದು. ಇಷ್ಟು ಸುಲಭ ಇರುವುದಕ್ಕೇ ನಮಗೆ ನೆಪ ಸಿಗದೆ ಶಕುನದ ಮೊರೆ ಹೋಗುತ್ತೇವೆ.

"ನಾಮಿನಿ ಇದೆಯಲ್ಲ, ಮತ್ತೇನು ಬೇಕು?" ಇದು ಅರ್ಧ ಕೆಲಸ ಮಾಡಿ ಪೂರ್ತಿ ಆಯಿತು ಅಂದುಕೊಳ್ಳುವ ಜಾಣತನ. ನಾಮಿನಿಗೆ ಬ್ಯಾಂಕು ಹಣ ಕೊಡುತ್ತದೆ, ನಿಜ. ಆದರೆ ಅವರು ವಾರಸುದಾರರ ಪರವಾಗಿ ಪಡೆದುಕೊಳ್ಳುವವರು, ನಾಮಿನಿ ಆದ ಮಾತ್ರಕ್ಕೆ ಮಾಲೀಕರಾಗುವುದಿಲ್ಲ. ಶೇರುಗಳ ವಿಷಯದಲ್ಲೂ ಅಷ್ಟೇ ಅಂತ ಸುಪ್ರೀಂ ಕೋರ್ಟು 2023ರ ಡಿಸೆಂಬರಿನಲ್ಲಿ ಹೇಳಿದೆ. ನಾಮಿನೇಷನ್ನೂ ಬೇಕು, ಉಯಿಲೂ ಬೇಕು. ಅಂದ ಹಾಗೆ 2025ರ ನವೆಂಬರ್ 1ರಿಂದ ಠೇವಣಿ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಹೆಂಡತಿಯ ಹೆಸರು ಬರೆದರೆ ಮಗನಿಗೆ ಬೇಜಾರು ಅನ್ನುವ ನೆಪವೂ ಹೋಯಿತು.

"ಮಕ್ಕಳು ನೋಡಿಕೊಳ್ತಾರೆ ಬಿಡಿ." ಯಾವ ಮಕ್ಕಳು? ಪಹಣಿ ಅಂದರೇನು ಅಂತ ಗೊತ್ತಿಲ್ಲದ, ಊರಿನ ಹೆಸರು ಬಿಟ್ಟರೆ ಹೊಲದ ದಾರಿ ಗೊತ್ತಿಲ್ಲದ, ಕನ್ನಡ ಓದಲು ತಡವರಿಸುವ ಮಕ್ಕಳೇ? ಕನ್ನಡ ಕಲಿಸುವುದನ್ನೂ ನಾವು "ದೊಡ್ಡವರಾದ ಮೇಲೆ ಕಲೀತಾರೆ" ಅಂತ ಮುಂದೂಡಿದವರೇ. ಊರಿನ ಕಾಗದ ಓದಬಲ್ಲ ಕೊನೆಯ ಪೀಳಿಗೆ ನಾವು. ನಾವು ಮಾಡದಿದ್ದರೆ ಅದು ಆಗುವುದಿಲ್ಲ.

"ರಿಟೈರ್ ಆದ ಮೇಲೆ ಪುರುಸೊತ್ತಾಗಿ ಮಾಡ್ತೀನಿ." ರಿಟೈರಾದವರನ್ನು ನಾನು ದಿನಾ ನೋಡುತ್ತೇನೆ. ಪುರುಸೊತ್ತು ಸಿಗುತ್ತದೆ, ಹೆದರಿಕೆ ಹಾಗೇ ಇರುತ್ತದೆ. ಅಷ್ಟೇ ಅಲ್ಲ, ಮೊದಲು "ಆಫೀಸು" ಅಂತ ನೆಪ ಹೇಳಬಹುದಿತ್ತು, ಈಗ ಅದೂ ಇಲ್ಲದೆ ಮನಸ್ಸು ಇನ್ನಷ್ಟು ಕುಗ್ಗುತ್ತದೆ.

ಮೈಯ ವಿಷಯದಲ್ಲೂ ಇದೇ ಕತೆ. ಸಕ್ಕರೆ ಪರೀಕ್ಷೆಗೆ ಹೋಗುವ ಮುಂಚೆ ಎರಡು ದಿನ ಸಿಹಿ ಬಿಟ್ಟು ಹೋಗುವ ಗೆಳೆಯರಿದ್ದಾರೆ. ಡಾಕ್ಟರಿಗೆ ಮೋಸ ಮಾಡಿದೆವು ಅಂತ ಖುಷಿ! ಎಚ್‌ಬಿಎ1ಸಿ ಅನ್ನುವ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳಿಬಿಡುತ್ತದೆ. ಎರಡು ದಿನದ ಉಪವಾಸಕ್ಕೆ ಅದು ಬಗ್ಗುವುದಿಲ್ಲ. ಅದಕ್ಕೇ ಅದನ್ನು ಮಾಡಿಸಲು ಹೋಗುವುದೇ ಇಲ್ಲ. ರಿಪೋರ್ಟು ಇಲ್ಲದಿದ್ದರೆ ರೋಗವೂ ಇಲ್ಲ ಅನ್ನುವ ಲೆಕ್ಕ ಯಾವ ಬಿಕಾಂನಲ್ಲೂ ನನಗೆ ಕಲಿಸಲಿಲ್ಲ.

ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದದ್ದು ನಿಮಗೆ ನೆನಪಿರಬೇಕು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬರಹ ಓದಿ ವಾಪಸು ಹೋಗುತ್ತದೆ ಅಂತ ನಂಬಿಕೆ. ಆಗ ನಕ್ಕಿದ್ದೆವು. ಈಗ ಯೋಚಿಸಿದರೆ ಆ ಬರಹದಿಂದ ದೆವ್ವ ತೊಲಗಲಿಲ್ಲ, ದಿನಾ ಬರುವ ಹಾಗಾಯಿತು. ನನ್ನ ಹದಿನಾಲ್ಕು ವರ್ಷವೂ ಹಾಗೇ. ಒಂದು ದಿನವೂ ಆ ಪ್ರಮಾಣಪತ್ರವನ್ನು ನಾನು ಮರೆತಿರಲಿಲ್ಲ. ಬೀರು ತೆಗೆದಾಗಲೆಲ್ಲ ಕಾಣುತ್ತಿತ್ತು.

ಕೊನೆಗೆ ಹೇಗೆ ಮಾಡಿದೆ ಅಂತ ಕೇಳುತ್ತೀರಿ. ದೊಡ್ಡ ಸಂಕಲ್ಪ ಏನೂ ಮಾಡಲಿಲ್ಲ. ಸಂಕಲ್ಪಗಳನ್ನು ಮುರಿದು ಅಭ್ಯಾಸವಾಗಿತ್ತು. ಮೂರು ಕೆಲಸ ಮಾಡಿದೆ.

ಮೊದಲನೆಯದು, ಹೆದರಿಕೆ ಯಾವುದು ಅಂತ ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳಿದೆ. "ಖಾತೆ ಬದಲಾಯಿಸಬೇಕು" ಅನ್ನಲಿಲ್ಲ, "ತಂಗಿ ಜೊತೆ ಪಾಲಿನ ಮಾತಾಡಲು ನನಗೆ ಹೆದರಿಕೆ" ಅಂದೆ. ಹೇಳಿದ ಮೇಲೆ ಅದು ಸಣ್ಣದಾಯಿತು ಅಂತ ಸುಳ್ಳು ಹೇಳಲಾರೆ. ಆದರೆ ಯಾವ ಬಾಗಿಲು ತಟ್ಟಬೇಕು ಅನ್ನುವುದು ಗೊತ್ತಾಯಿತು. ಅಲ್ಲಿಯವರೆಗೆ ನಾಡಕಚೇರಿ ಅಂದುಕೊಂಡಿದ್ದೆ, ಅದು ತಂಗಿಯ ಮನೆಯದಾಗಿತ್ತು.

ಎರಡನೆಯದು, ತಾರೀಖು ಹಾಕುವ ಅಧಿಕಾರವನ್ನು ನನ್ನ ಕೈಯಿಂದ ತೆಗೆದು ತಮ್ಮನಿಗೆ ಕೊಟ್ಟೆ. "ನೀ ಯಾವ ದಿನ ಅಂತಿ ಆ ದಿನ ಬರ್ತೀನಿ" ಅಂದೆ. ಅವನು ನಂಬಲಿಲ್ಲ, ಸುಮ್ಮನೆ "ಯುಗಾದಿಗೆ ಬಾ" ಅಂದ. ಅವತ್ತೇ ಟಿಕೆಟ್ ತೆಗೆದು ಫೋಟೋ ಕಳಿಸಿದೆ.

ಮೂರನೆಯದು, ಪೂರ್ತಿ ಕೆಲಸದ ಬಗ್ಗೆ ಯೋಚಿಸುವುದನ್ನೇ ಬಿಟ್ಟೆ. ಇವತ್ತು ಪ್ರಮಾಣಪತ್ರದ ಜೆರಾಕ್ಸ್ ಮಾತ್ರ. ನಾಳೆ ತಂಗಿಗೆ ಫೋನ್ ಮಾತ್ರ. ದಿನಕ್ಕೆ ಅರ್ಧ ಗಂಟೆ, ಆಮೇಲೆ ಎದ್ದುಹೋಗಲು ನನಗೆ ನಾನೇ ಪರವಾನಗಿ ಕೊಟ್ಟುಕೊಂಡಿದ್ದೆ.

2022ರ ಯುಗಾದಿಗೆ ಊರಿಗೆ ಹೋದೆ. ಸಿನಿಮಾದಲ್ಲಿ ಆಗುವ ಹಾಗೆ ಎಲ್ಲರೂ ತಬ್ಬಿಕೊಂಡು ಅಳಲಿಲ್ಲ. ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು. ತಂಗಿ ಪಾಲು ಕೇಳಿದಳು. "ನನ್ನ ಪಾಲು ನನಗ ಬೇಕು ಅಣ್ಣಾ, ಹಳೇ ಸೀರಿ ಕೊಟ್ಟು ಕಳಸಬ್ಯಾಡ್ರಿ" ಅಂದಳು. ತಮ್ಮ ಎದ್ದು ಹೊರಗೆ ಹೋದ. ಅವ್ವನ ಬಂಗಾರದ ಮಾತು ಬಂತು, ಅಪ್ಪನ ಚಿಕಿತ್ಸೆಯ ಖರ್ಚಿನ ಮಾತು ಬಂತು. ಇಪ್ಪತ್ತು ವರ್ಷದ ಮಾತೆಲ್ಲ ಒಂದೇ ರಾತ್ರಿ ಬಂತು. ಹನ್ನೆರಡು ಗಂಟೆಗೆ ನಾನು ಹೇಳಬೇಕಾದ್ದನ್ನು ಹೇಳಿದೆ. ಮೂವರಿಗೂ ಸಮ, ಎರಡೆರಡು ಎಕರೆ, ನ್ಯಾಯವೂ ಅದೇ, ಕಾಯ್ದೆಯೂ ಅದೇ. ಬೆಳಿಗ್ಗೆ ಮೂವರೂ ರೊಟ್ಟಿ ತಿಂದು ಒಟ್ಟಿಗೇ ನಾಡಕಚೇರಿಗೆ ಹೋದೆವು. ಹೆಚ್ಚು ಮಾತಾಡಲಿಲ್ಲ, ಆದರೆ ಹೋದೆವು. ಮೊದಲು ಮೂವರ ಹೆಸರಿಗೆ ಜಂಟಿ ಖಾತೆ ಆಯಿತು, ಮರುವರ್ಷ ವಾಟಣಿ ಪತ್ರ ನೋಂದಣಿಯಾಯಿತು. ತಂಗಿಯ ಪಾಲನ್ನೂ ಸದ್ಯ ತಮ್ಮನೇ ಉಳುತ್ತಾನೆ, ಪೀಕಿನಲ್ಲಿ ಅವಳಿಗೆ ಕೊಡುತ್ತಾನೆ. ನನ್ನ ಎರಡು ಎಕರೆಯ ಪೀಕು ಅವನಿಗೇ ಬಿಟ್ಟಿದ್ದೇನೆ. ಅದು ದಾನವಲ್ಲ, ಹಳೆಯ ಬಾಕಿ. 61,200 ತೀರಿದರೂ 2019ರ ಆ ಎರಡು ವರ್ಷ ತೀರುವುದಿಲ್ಲ.

ಕೆಟ್ಟ ರಾತ್ರಿ ಹೌದು. ಆದರೆ ಒಂದೇ ರಾತ್ರಿ. ಅದನ್ನು ತಪ್ಪಿಸಿಕೊಳ್ಳಲು ನಾನು ಹದಿನಾಲ್ಕು ವರ್ಷ ಖರ್ಚು ಮಾಡಿದ್ದೆ.

ಆದ್ದರಿಂದ ಇನ್ನು ಮೇಲೆ ಸಮಾರಾಧನೆಯ ಊಟ ಉಂಡು ಯಾರಾದರೂ "ಪಾಪ, ಟೈಮ್ ಸಿಗಲಿಲ್ಲ" ಅಂದರೆ ನಾನು ಸುಮ್ಮನಿರುವುದಿಲ್ಲ. "ನಿಮ್ಮದು ಆಗಿದೆಯೇ?" ಅಂತ ಕೇಳುತ್ತೇನೆ. ಕೆಟ್ಟವನಾದರೂ ಚಿಂತೆಯಿಲ್ಲ.

ಡೊಂಬಿವಲಿಯ ಆ ಚೀಲ ಈಗ ನನ್ನ ಮೇಜಿನ ಮೇಲಿದೆ. ಅವರ ಮನೆಯವರೊಂದಿಗೆ ಶನಿವಾರ ಹನ್ನೊಂದು ಗಂಟೆಗೆ ಮೊದಲ ಬ್ಯಾಂಕಿಗೆ ಹೋಗುವುದಿದೆ. ತಾರೀಖು ಅವರೇ ಹಾಕಿದ್ದು.

ನೀವು ಈಗ ಎದ್ದು ನಿಮ್ಮ ಬೀರು ತೆಗೆಯಿರಿ. ಯಾವ ಕಾಗದ ನೋಡಿದ ಕೂಡಲೇ ಬಾಗಿಲು ಮುಚ್ಚಬೇಕು ಅನ್ನಿಸುತ್ತದೋ ಅದನ್ನೇ ಹೊರಗೆ ಇಡಿ. ಊರಿಗೆ ಹೋಗುವವರೆಗೂ ಕಾಯಬೇಡಿ.